ಕ್ಲಚ್ ತುಳಿದಾಗ ಬರುವ ಸದ್ದು

ಮಾರ್ಚ್ ೩, ಸೋಮವಾರ
ಶೆಡ್ಡಿನಿಂದ

ಮೇಷ್ಟ್ರಿಗೆ ನಮಸ್ಕಾರ.

ಗಾಡಿ ಬಂದು ಸೇರಿತು. ಲಾರಿಯವನು ಬೆಳಿಗ್ಗೆ ಶೆಡ್ಡಿನ ಮುಂದೆ ಇಳಿಸಿ, ಡ್ಯಾಶ್‌ಬೋರ್ಡಿನ ಮೇಲಿದ್ದ ನಿಮ್ಮ ಚೀಟಿಯನ್ನು ಕೈಗೆ ಕೊಟ್ಟು ಹೋದ. ಎರಡು ವರ್ಷದಿಂದ ಬೇರೆ ಬೇರೆ ಊರಿನಲ್ಲಿರುವ ಹೆಂಡತಿಗೆ ಗಂಡ ಬರೆಯುವ ಚೀಟಿ ಹೇಗಿರಬೇಕೋ ಹಾಗೇ ಇತ್ತು. ‘ಓಡಿಸುವಾಗ ಕ್ಲಚ್ ಕಡೆಯಿಂದ ಸದಾ ಸದ್ದು. ತಿಂಗಳ ಕೊನೆಗೆ ಬೆಟ್ಟದ ಕಾರ್ ರ‍್ಯಾಲಿ. ಅಷ್ಟರೊಳಗೆ ಬೇಕು.’ ನನ್ನ ಆರೋಗ್ಯ ವಿಚಾರಿಸಿಲ್ಲ. ಹಾಗಾಗಿ ನಾನೂ ನಿಮ್ಮದನ್ನು ವಿಚಾರಿಸುತ್ತಿಲ್ಲ, ನೇರ ಗಾಡಿಯ ಆರೋಗ್ಯಕ್ಕೆ ಬರುತ್ತೇನೆ.

ಇಷ್ಟಕ್ಕೆ ಫೋನು ಸಾಕಿತ್ತು ಎಂದು ಪಕ್ಕದ ವೆಲ್ಡಿಂಗಿನವನು ಹೇಳುತ್ತಾನೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಎಷ್ಟು ಬೇಗ ಜಗಳಕ್ಕೆ ತಿರುಗುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಕಾಗದವಾದರೆ ಬಿಸಿ ಆರುವವರೆಗೆ ನಡುವೆ ಅಂಚೆಯವನಾದರೂ ಇರುತ್ತಾನೆ.

ಮೊದಲು ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಪೆಡಲ್‌ನಿಂದ ಕಾಲು ತೆಗೆದು ಕೂತೆ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂಥ ಸದ್ದು. ಇದು ರೋಗವಲ್ಲ. ಎಂಜಿನ್ ಜಿಗಿದು ಏರಲಿ ಎಂದು ಹಗುರವಾದ ಫ್ಲೈವೀಲ್ ಚಕ್ರ ಹಾಕಿಸಿಕೊಂಡವರು ನೀವು. ನಡುಕವನ್ನು ತಡೆಯುವ ಭಾರ ಹೋದಮೇಲೆ ಆ ನಡುಕ ಗೇರುಗಳ ತನಕ ಹೋಗುತ್ತದೆ, ಅವು ಕೂತಲ್ಲೇ ಹಲ್ಲು ಕಡಿಯುತ್ತವೆ. ಅದರ ಸ್ವಭಾವವೇ ಹಾಗೆ, ನಿಮ್ಮ ಸ್ವಭಾವದ ಹಾಗೆ ಅದಕ್ಕೂ ಔಷಧವಿಲ್ಲ.

ಆಮೇಲೆ ಪೆಡಲನ್ನು ಮುಟ್ಟಿಯೂ ಮುಟ್ಟದಷ್ಟು ಒತ್ತಿದೆ. ಕಾಳಿನ ಸದ್ದಿನ ಮೇಲೆ ಇನ್ನೊಂದು ಸಣ್ಣ ರಾಗ ಶುರುವಾಯಿತು. ಪೂರ್ತಿ ತುಳಿದೆ. ಕಾಳು ನಿಂತಿತು, ರಾಗ ಕೀರಲಾಯಿತು. ಕಾಲು ತೆಗೆದೆ, ರಾಗ ಸತ್ತು ಕಾಳು ಮರಳಿತು. ಗೇರ್‌ಬಾಕ್ಸಿನೊಳಗಿನ ಬೇರಿಂಗ್ ಕೆಟ್ಟಿದ್ದರೆ ಇದಕ್ಕೆ ತದ್ವಿರುದ್ಧ ಆಗಬೇಕಿತ್ತು. ಕಾಲು ತೆಗೆದಾಗ ಕೂಗಿ, ತುಳಿದಾಗ ಸುಮ್ಮನಾಗಬೇಕಿತ್ತು. ಹಾಗಾಗಿ ಕೆಟ್ಟಿರುವುದು ರಿಲೀಸ್ ಬೇರಿಂಗ್. ಪೆಡಲಿನ ಮೇಲೆ ಕಾಲಿದ್ದಾಗ ಮಾತ್ರ ದುಡಿಯುವ ಬಡಪಾಯಿ ಅದು, ಕಾಲು ತೆಗೆದರೆ ಅದಕ್ಕೆ ರಜೆ.

ರಸ್ತೆಗೂ ಒಯ್ದೆ. ಎರಡನೇ ಗೇರಿಗೆ ಹಾಕುವಾಗ, ನಾನು ಪೂರ್ತಿ ತುಳಿದಿದ್ದರೂ, ಕರ್ ಎಂದಿತು. ಒಳಗೆ ಹಲ್ಲಿಗೂ ಪೆಟ್ಟಾಗಿದೆ ಅನ್ನಿಸುತ್ತದೆ.

ಇಲ್ಲಿ ಎರಡು ವಿಷಯ ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ. ಒಂದು, ನೀವು ‘ಸದಾ ಸದ್ದು’ ಎಂದು ಬರೆದಿದ್ದೀರಿ. ನನಗೆ ಕೇಳಿದ್ದು ತುಳಿದಾಗ ಮಾತ್ರ. ಇನ್ನೊಂದು, ಈ ಬೇರಿಂಗನ್ನು ನೀವು ಹೊರಟ ವರ್ಷ ನಾನೇ ಕೂರಿಸಿದ್ದು. ಬೇರೆಯವರ ಕಾಲಿಗೆ ಅದು ಇಷ್ಟು ಬೇಗ ಸತ್ತರೆ ಆಶ್ಚರ್ಯವಿಲ್ಲ, ನಿಮ್ಮ ಕಾಲಿಗೆ ಸಾಯಬಾರದು. ಪೆಡಲಿನ ಎಡಕ್ಕಿರುವ ರಬ್ಬರಿನ ಮೆಟ್ಟಿಲನ್ನು ತೋರಿಸಿ, ‘ಎಡಗಾಲಿಗೆ ಒಂದು ಮನೆ ಇದೆ, ಕೆಲಸ ಮುಗಿದ ಕೂಡ್ಲೆ ಮನೆಗೆ ಹೋಗ್ಬೇಕು’ ಎಂದು ಡ್ರೈವಿಂಗ್ ಕಲಿಯುವವರ ಪ್ರಾಣ ತಿನ್ನುವವರು ನೀವು. ಮೊದಲ ಪಾಠದಲ್ಲಿ ನಾನು ಅದಕ್ಕೆ ನಕ್ಕೆನೆಂದು ನನ್ನನ್ನು ನಡುರಸ್ತೆಯಲ್ಲಿ ಇಳಿಸಿ ಹೋಗಿದ್ದಿರಿ. ಮದುವೆಯಾಗುವವರೆಗೂ ನಾನು ಆ ಸಿಟ್ಟನ್ನು ಇಟ್ಟುಕೊಂಡಿದ್ದೆ.

ಆದ್ದರಿಂದ ಕೇಳುತ್ತೇನೆ. ಈ ಗಾಡಿಯನ್ನು ಬೇರೆ ಯಾರಾದರೂ ಓಡಿಸಿದರೇ? ಗೇರು ಕರ್ ಅನ್ನುವುದು ಯಾವಾಗಿನಿಂದ? ನಿಜ ಬರೆಯಿರಿ. ರ‍್ಯಾಲಿಯಲ್ಲಿ ಮಗಳು ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ತಿರುವುಗಳನ್ನು ಓದಿ ಹೇಳುತ್ತಾಳೆ. ಆ ರಸ್ತೆಗೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ.

ಇಂತಿ,
ನಿಮ್ಮ ಮಗಳ ತಾಯಿ

ವಿ.ಸೂ.: ಸೀಟು ತೀರ ಮುಂದಕ್ಕಿತ್ತು. ನನ್ನ ಮೊಣಕಾಲು ಸ್ಟೀರಿಂಗಿಗೆ ತಾಗಿತು, ನೀವಾದರೆ ನನಗಿಂತ ಒಂದು ಗೇಣು ಉದ್ದ. ಲಾರಿಯವನನ್ನು ಕೇಳಿದರೆ ತಾನು ಸೀಟು ಮುಟ್ಟಲೇ ಇಲ್ಲ ಅನ್ನುತ್ತಾನೆ.


ಮಾರ್ಚ್ ೭, ಶುಕ್ರವಾರ

ಗೇರ್‌ಬಾಕ್ಸ್ ಡಾಕ್ಟರಮ್ಮನಿಗೆ,

ಕಾಗದ ತಲುಪಿತು. ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟಿತ್ತು, ಸಹಿ ನೋಡುವ ಮೊದಲೇ ಯಾರದೆಂದು ಗೊತ್ತಾಯಿತು. ಆರೋಗ್ಯ ವಿಚಾರಿಸಿಲ್ಲ ಎಂದು ಚುಚ್ಚಿದ್ದೀಯ. ಇಗೋ, ವಿಚಾರಿಸುತ್ತಿದ್ದೇನೆ: ಹೇಗಿದ್ದೀಯ? ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಗಾಡಿಯನ್ನು ಇಬ್ಬರು ಹೊಸ ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದೆ. ಬೇರಿಂಗ್ ತಿಂದವರು ಅವರೇ ಇರಬೇಕು. ಸೀಟು ಮುಂದಿದ್ದದ್ದೂ ಅದಕ್ಕೇ, ಅವರಲ್ಲೊಬ್ಬ ಕುಳ್ಳ. ಗೇರಿನ ವಿಷಯಕ್ಕೆ ಬಂದರೆ, ಹೋದ ಚಳಿಗಾಲದಲ್ಲಿ ಹೊಸ ಬೂಟು ತೆಗೆದುಕೊಂಡೆ, ಅಟ್ಟೆ ದಪ್ಪ. ಕಾಲಿಗೆ ಪೆಡಲ್ ಸರಿಯಾಗಿ ಗೊತ್ತಾಗುವುದಿಲ್ಲ. ಬೂಟು ಬದಲಿಸಿದರೆ ಎಲ್ಲ ಸರಿಹೋಗುತ್ತದೆ. ಯಾವಾಗಿನಿಂದ ಎಂದರೆ ನೆನಪಿಲ್ಲ.

ನೀನು ಬೇರಿಂಗ್ ಬದಲಿಸು, ಎಣ್ಣೆ ಬದಲಿಸು, ಕಳಿಸು. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಹರವಿಕೊಂಡು ಕೂರಬೇಡ. ನಿನ್ನ ಗುಣ ನನಗೆ ಗೊತ್ತು, ಒಂದು ಬೋಲ್ಟು ಸಡಿಲಿಸಿದರೆ ಅದರ ವಂಶವನ್ನೆಲ್ಲ ವಿಚಾರಿಸದೆ ಬಿಡುವವಳಲ್ಲ.

ಮಗಳು ತಿರುವುಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಊಟಕ್ಕೆ ಕೂತಾಗಲೂ ‘ಎಡಕ್ಕೆ ಕಡಿದು, ಏರು, ಆಮೇಲೆ ಬಲಕ್ಕೆ ಉದ್ದ’ ಎಂದು ಗೊಣಗುತ್ತಾಳೆ. ಮೊನ್ನೆ ಉಪ್ಪಿನ ಡಬ್ಬಿ ಕೇಳಿದೆ, ಯಾವ ತಿರುವಿನ ಹತ್ತಿರ ಎಂದಳು. ಅವಳ ಉತ್ಸಾಹವನ್ನು ಕೆಡಿಸಬೇಡ.

ಇತಿ,
ಮೇಷ್ಟ್ರು

ವಿ.ಸೂ.: ಈ ಊರಿನಲ್ಲಿ ಆ ಗೇರ್‌ಬಾಕ್ಸನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ನಿನಗೆ ಕಳಿಸಿದ್ದು ಅಷ್ಟಕ್ಕೇ.


ಮಾರ್ಚ್ ೧೩, ಗುರುವಾರ
ಶೆಡ್ಡಿನಿಂದ

ಮೇಷ್ಟ್ರೇ,

ಬಿಚ್ಚಬೇಡ ಅಂದಿರಿ, ಬಿಚ್ಚಿದೆ. ವಂಶವನ್ನೂ ವಿಚಾರಿಸಿದೆ.

ಗೇರ್‌ಬಾಕ್ಸ್ ಇಳಿಸುವುದಕ್ಕೆ ವೆಲ್ಡಿಂಗಿನವನು ಕೈಕೊಟ್ಟ. ಬೇರಿಂಗ್ ಕಾದು ಕಾದು ನೀಲಿಗಟ್ಟಿದೆ, ಒಳಗಿನ ಗ್ರೀಸ್ ಒಣಗಿ ಹಿಟ್ಟಾಗಿದೆ. ಅದು ಒತ್ತುವ ಉಕ್ಕಿನ ಬೆರಳುಗಳ ತುದಿಯಲ್ಲಿ ಉಗುರು ಕೂರುವಷ್ಟು ಗೆರೆ ಬಿದ್ದಿದೆ. ಇದು ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸುವವರ ಗಾಡಿಯ ಲಕ್ಷಣ. ಆಮೇಲೆ ಬಾಕ್ಸ್ ತೆರೆದೆ. ಎರಡನೇ ಮತ್ತು ಮೂರನೇ ಗೇರನ್ನು ಮೆತ್ತಗೆ ಒಳಗೆ ಕರೆದುಕೊಳ್ಳುವ ಹಿತ್ತಾಳೆಯ ಬಳೆಗಳು ಸವೆದಿವೆ, ಹಲ್ಲಿನ ತುದಿಗಳನ್ನು ಇಲಿ ಕಡಿದಂತಿದೆ. ಇದು ಪೆಡಲನ್ನು ಪೂರ್ತಿ ತುಳಿಯದೆ ಗೇರು ಹಾಕುವವರ ಲಕ್ಷಣ.

ವೆಲ್ಡಿಂಗಿನವನು ಬಗ್ಗಿ ನೋಡಿ, ‘ಅಕ್ಕಾ, ಇದು ಯಾರೋ ಹೊಸದಾಗಿ ಕಲಿಯೋರ ಕೆಲಸ, ಬಿಡಿ’ ಅಂದ. ನಿಮ್ಮ ಕಾಗದದ ಮಾತೂ ಅದೇ. ನನಗೂ ಅರ್ಧ ದಿನ ಹಾಗೇ ಅನ್ನಿಸಿ ಸಮಾಧಾನವಾಗಿತ್ತು. ಆದರೆ ಕಲಿಯುವವರು ಕೆಡಿಸುವುದು ಮೊದಲನೇ ಗೇರನ್ನು ಮತ್ತು ರಿವರ್ಸನ್ನು. ಗಾಡಿ ಎಬ್ಬಿಸಲು ಒದ್ದಾಡಿ ಕ್ಲಚ್ ಪ್ಲೇಟನ್ನು ಸುಡುತ್ತಾರೆ. ನಿಮ್ಮ ಮೊದಲನೇ ಗೇರು ಮತ್ತು ರಿವರ್ಸ್ ಹೊಸದರಂತೆ ಹೊಳೆಯುತ್ತಿವೆ, ಪ್ಲೇಟಿನ ಮೇಲೆ ಸ್ವಲ್ಪ ಮಿರುಗು ಬಿಟ್ಟರೆ ಸುಟ್ಟ ಕಲೆಯಿಲ್ಲ. ಪೆಟ್ಟೆಲ್ಲ ಬಿದ್ದಿರುವುದು ತಿರುವಿನಲ್ಲಿ ವೇಗವಾಗಿ ಇಳಿಸುವ ಗೇರುಗಳಿಗೆ. ಕೈ ಮೇಷ್ಟ್ರದ್ದು. ಕಾಲು ಮಾತ್ರ ಮೇಷ್ಟ್ರದ್ದಲ್ಲ.

ನಿಮ್ಮ ಬೂಟನ್ನೂ ನಂಬಲು ನೋಡಿದೆ. ಅಟ್ಟೆ ದಪ್ಪವಾದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗಬೇಕು, ಮೇಲೆ ಉಳಿಯುವುದಿಲ್ಲ. ಪೆಡಲಿನ ರಬ್ಬರು ಎಡ ಅಂಚಿನಲ್ಲಿ ಮಾತ್ರ ಸವೆದಿದೆ. ಮ್ಯಾಟಿನ ಮೇಲೆ ಹಿಮ್ಮಡಿ ಎಳೆದ ಜಾಗ ನೂಲು ಕಾಣುವಷ್ಟು ತೆಳ್ಳಗಾಗಿದೆ. ಎಡಗಾಲಿನ ಮನೆ ಅನ್ನುತ್ತೀರಲ್ಲ, ಆ ರಬ್ಬರಿನ ಮೆಟ್ಟಿಲನ್ನು ಬೆರಳಿನಿಂದ ಒರೆಸಿದೆ. ಧೂಳು ಬಂತು. ಅಲ್ಲಿಗೆ ಬಹಳ ದಿನದಿಂದ ಯಾರೂ ಹೋಗಿಲ್ಲ.

ಸೋಮಾರಿ ಕಾಲೆತ್ತುವುದಿಲ್ಲ, ಆದರೆ ತುಳಿಯುವಾಗ ಪೂರ್ತಿ ತುಳಿಯುತ್ತಾನೆ. ಅವಸರದವನು ಪೂರ್ತಿ ತುಳಿಯುವುದಿಲ್ಲ, ಆದರೆ ಬೇಗ ಕಾಲೆತ್ತುತ್ತಾನೆ. ಎತ್ತಲೂ ಆಗದೆ ತುಳಿಯಲೂ ಆಗದೆ ಇರುವುದು ಚಾಳಿಯಲ್ಲ. ಆ ಕಾಲಿನಲ್ಲಿ ಬಲವಿಲ್ಲ. ಮೊಣಕಾಲಿನ ಭಾರದಿಂದಲಾದರೂ ಪೆಡಲ್ ಇಳಿಯಲಿ ಎಂದು ನೀವು ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದೀರಿ. ಆ ಕುಳ್ಳ ವಿದ್ಯಾರ್ಥಿ ಹುಟ್ಟಿದ್ದು ನಿಮ್ಮ ಕಾಗದದಲ್ಲಿ.

ಇಲ್ಲಿಗೆ ನಿಂತಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬಲವಿಲ್ಲದಿದ್ದರೆ ಅದು ನಿಮಗೇ ಗೊತ್ತಾಗುತ್ತದೆ, ಎಚ್ಚರದಿಂದಿರುತ್ತೀರಿ. ನನ್ನನ್ನು ಕಾಡಿದ್ದು ನಿಮ್ಮ ಮೊದಲ ಚೀಟಿಯ ‘ಸದಾ’ ಅನ್ನುವ ಮಾತು. ಈ ಸದ್ದು ಪೆಡಲಿನ ಮೇಲೆ ಕಾಲಿದ್ದಾಗ ಮಾತ್ರ ಬರುತ್ತದೆ. ಅದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು, ನನಗೆ ಕಲಿಸಿದ್ದೇ ನೀವು. ಅಂದಮೇಲೆ ನಿಮಗೆ ಸದಾ ಕೇಳಿದ್ದು ನಿಮ್ಮ ಕಾಲು ಸದಾ ಅಲ್ಲೇ ಇದ್ದದ್ದರಿಂದ. ಕಾಲನ್ನು ತೆಗೆದಿದ್ದೇನೆ ಎಂದು ನೀವು ನಂಬಿದ್ದಿರಿ. ಇಲ್ಲದಿದ್ದರೆ ನೀವು ಆ ಮಾತನ್ನು ಬರೆಯುತ್ತಲೇ ಇರಲಿಲ್ಲ.

ಹೋದ ವರ್ಷ ನನ್ನ ತಮ್ಮನ ಮನೆಯ ಮೆಟ್ಟಿಲಲ್ಲಿ ನಿಮ್ಮ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಬಿದ್ದಿತ್ತು. ನೀವು ಬರಿಗಾಲಲ್ಲಿ ಒಳಗೆ ಹೋಗಿ ಕೂತು ಮಾತಾಡುತ್ತಲೇ ಇದ್ದಿರಿ. ನಾನು ಅದನ್ನು ತಂದು ಕೊಡುತ್ತಾ, ಮೇಷ್ಟ್ರಿಗೆ ಈಗ ಕಾಲೇ ನೆಲದ ಮೇಲಿಲ್ಲ ಎಂದು ಎಲ್ಲರ ಮುಂದೆ ನಗೆಯಾಡಿದೆ. ನೀವೂ ನಕ್ಕಿರಿ. ಅವತ್ತು ನಕ್ಕವರಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಇದೆಲ್ಲ ಒಂದಕ್ಕೊಂದು ಕೂಡಿದಾಗ ನನಗೆ ಭಯವಾಯಿತು. ಮೊದಲು ಮಗಳಿಗಾಗಿ, ಆಮೇಲೆ ನಿಮಗಾಗಿ. ಕ್ರಮ ಹಾಗೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ಉಳಿಯಿತು. ಕೈ ತೊಳೆದು, ಟೀ ಕಾಸಿ, ಅದನ್ನು ಕುಡಿಯದೆ ಸಿಂಕಿಗೆ ಚೆಲ್ಲಿದೆ.

ಈಗ ಗಾಡಿಯ ಸಮಾಚಾರ. ಬೇರಿಂಗ್, ಕ್ಲಚ್, ಸವೆದ ಬಳೆಗಳು ಮತ್ತು ಎರಡು ಗೇರುಗಳನ್ನು ಬದಲಿಸಿದ್ದೇನೆ. ಕೀರಲು ಸದ್ದು ಹೋಗಿದೆ. ಕಾಳಿನ ಸದ್ದು ಇದೆ, ಇರುತ್ತದೆ. ಅದಲ್ಲದೆ ನೀವು ಹೇಳದ ಒಂದು ಕೆಲಸವನ್ನೂ ಮಾಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗಿನ ಎಡಕ್ಕೆ ಒಂದು ಸಣ್ಣ ಕೆಂಪು ಬಲ್ಬು ಕೂರಿಸಿದ್ದೇನೆ. ಅದರ ಸ್ವಿಚ್ಚು ಕ್ಲಚ್ ಪೆಡಲಿನ ಹಿಂದಿದೆ. ಪೆಡಲ್ ಕೂದಲೆಳೆಯಷ್ಟು ಇಳಿದರೂ ಬಲ್ಬು ಹತ್ತುತ್ತದೆ, ಕಾಲು ಪೂರ್ತಿ ತೆಗೆದರೆ ಆರುತ್ತದೆ. ಇಷ್ಟು ದಿನ ಬೇರಿಂಗ್ ಕೂಗಿ ಹೇಳುತ್ತಿದ್ದದ್ದನ್ನು ಇನ್ನು ಇದು ಸದ್ದಿಲ್ಲದೆ ಹೇಳುತ್ತದೆ.

ಗಾಡಿ ಬಂದ ಮೇಲೆ ನೀವು ಪಾಠ ಹೇಳುವ ಆ ದೊಡ್ಡ ಮೈದಾನಕ್ಕೆ ಹಗಲು ಹೊತ್ತಿನಲ್ಲಿ ಒಬ್ಬರೇ ಹೋಗಿ. ಮೂರನೇ ಗೇರಿನವರೆಗೆ ಹಾಕಿ, ಎಡಗಾಲನ್ನು ಅದರ ಮನೆಗೆ ಕಳಿಸಿ. ಕಾಲನ್ನು ನೋಡಬೇಡಿ, ಬಲ್ಬನ್ನು ನೋಡಿ. ಅದು ಆರಿದ್ದರೆ ನನ್ನ ಲೆಕ್ಕವೆಲ್ಲ ತಪ್ಪು. ಕ್ಷಮಾಪಣೆ ಬರೆದು ಕಳಿಸುತ್ತೇನೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಿ. ಹತ್ತಿದ್ದರೆ ನೀವು ಡಾಕ್ಟರ ಹತ್ತಿರ ಹೋಗಬೇಕು. ಮಗಳು ನಿಮ್ಮ ಪಕ್ಕ ಕೂರಬಾರದು.

ಒಂದು ಬೋಲ್ಟು ತೆಗೆದಿಟ್ಟುಕೊಂಡು ಗಾಡಿಯನ್ನೇ ತಡೆಯಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಆದರೆ ನೀವು ಇನ್ನೊಬ್ಬರ ಗಾಡಿ ಹಿಡಿದು ಹೊರಡುವ ಪೈಕಿ, ಅದರಲ್ಲಿ ಬಲ್ಬೂ ಇರುವುದಿಲ್ಲ. ಮಗಳಿಗೆ ನಾನು ಏನೂ ಹೇಳಿಲ್ಲ, ಹೇಳಬೇಕಾದವರು ನೀವು. ರ‍್ಯಾಲಿಯ ಹಿಂದಿನ ಭಾನುವಾರದೊಳಗೆ ನಿಮ್ಮ ಕಾಗದ ಬರದಿದ್ದರೆ ನಾನೇ ಬಸ್ಸು ಹತ್ತಿ ಬಂದು ಹೇಳುತ್ತೇನೆ. ಆಗ ಆಗುವ ಜಗಳಕ್ಕೆ ನಡುವೆ ಅಂಚೆಯವನಿರುವುದಿಲ್ಲ.

ಇಂತಿ,
ಶೆಡ್ಡಿನವಳು

ವಿ.ಸೂ.: ನಿಮ್ಮ ಮನೆಯ ಬೀದಿಯಲ್ಲೇ ಒಂದು ಗ್ಯಾರೇಜಿದೆ. ಅದನ್ನು ನಡೆಸುವವನು ಇದೇ ಶೆಡ್ಡಿನಲ್ಲಿ, ಇದೇ ಗೇರ್‌ಬಾಕ್ಸಿನ ಮೇಲೆ ಕೆಲಸ ಕಲಿತವನು. ಗಾಡಿಯನ್ನು ಲಾರಿಯ ಮೇಲೆ ಹೇರಿ ನನ್ನ ತನಕ ಯಾಕೆ ಕಳಿಸಿದಿರಿ ಎಂದು ನಾನು ಕೇಳುವುದಿಲ್ಲ. ನೀವೂ ಹೇಳಬೇಡಿ.


ಮಾರ್ಚ್ ೨೧, ಶುಕ್ರವಾರ

ಡಾಕ್ಟರಮ್ಮನಿಗೆ,

ಗಾಡಿ ತಲುಪಿತು. ನೀನು ಹೇಳಿದ ಕ್ರಮದಲ್ಲೇ ಪರೀಕ್ಷೆ ಮಾಡಿದೆ. ನ್ಯೂಟ್ರಲ್‌ನಲ್ಲಿ ಕಾಳಿನ ಸದ್ದು ಬಿಟ್ಟರೆ ಬೇರೇನಿಲ್ಲ. ತುಳಿದಾಗ ನಿಶ್ಶಬ್ದ. ಎರಡನೇ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ನಾನೇ ಕಲಿಸಿದ್ದು ಎಂದು ಬರೆದಿದ್ದೀಯ. ನಾನು ಕಲಿಸಿದ್ದು ಸದ್ದು ಕೇಳುವುದನ್ನು, ಇದನ್ನಲ್ಲ. ಕೆಲಸ ಚೆನ್ನಾಗಿದೆ ಎಂದು ನಿನ್ನ ಎದುರಿಗೆ ಯಾವತ್ತೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ರ‍್ಯಾಲಿಯ ಕಚೇರಿಗೆ ಹೋಗಿ ಹೆಸರು ಅದಲುಬದಲು ಮಾಡಿಸಿದೆ. ಸ್ಟೀರಿಂಗಿಗೆ ಮಗಳು, ತಿರುವು ಓದುವುದಕ್ಕೆ ನಾನು. ಅಲ್ಲಿನ ಗುಮಾಸ್ತ ಕಾರಣ ಕೇಳಿದ. ಕಣ್ಣು ಸ್ವಲ್ಪ ಮಂಜು ಎಂದೆ. ಕಣ್ಣು ಮಂಜಾದ್ರೆ ತಿರುವು ಓದೋದು ಹೇಗೆ ಸಾರ್ ಎಂದ. ಸಹಿ ಹಾಕಿ ಕಾಗದವನ್ನು ಅವನ ಕಡೆ ತಳ್ಳಿದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ ಎಂದು ನೀನು ಮೊದಲಿನಿಂದಲೂ ಹೇಳುತ್ತಿದ್ದೆ.

ಮಗಳಿಗೆ ಕೂರಿಸಿಕೊಂಡು ಹೇಳಿದೆ. ತಿರುವುಗಳನ್ನು ಬರೆದುಕೊಂಡಿದ್ದ ಪುಸ್ತಕವನ್ನು ತಂದು ನನ್ನ ಕೈಗಿಟ್ಟಳು. ಆಮೇಲೆ, ಅಪ್ಪ, ಬಲಕ್ಕೆ ಹೋಗೋ ಕಡೆ ಎಡ ಅಂತ ಓದಿಬಿಟ್ಟೀಯ, ಈಗಿನಿಂದಲೇ ಅಭ್ಯಾಸ ಮಾಡು ಎಂದಳು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ನಿನ್ನೆ ಮೈದಾನದಲ್ಲಿ ಅವಳು ಓಡಿಸಿದಾಗ ಪಕ್ಕದಲ್ಲಿ ಕೂತು ನೋಡಿದೆ. ಗೇರು ಹಾಕಿದ ಮರುಗಳಿಗೆ ಎಡಗಾಲು ಮನೆಯಲ್ಲಿರುತ್ತದೆ. ನಿನಗಿಂತ ಚೆನ್ನಾಗಿ ಓಡಿಸುತ್ತಾಳೆ, ಪಾಠ ಹೇಳಿದಾಗ ನಗುವುದೂ ಇಲ್ಲ.

ಇತಿ,
ಮೇಷ್ಟ್ರು

ವಿ.ಸೂ.: ನಿನ್ನ ಬಲ್ಬಿನ ವಿಷಯ. ಮೈದಾನಕ್ಕೆ ಒಬ್ಬನೇ ಹೋಗಿದ್ದೆ. ಮೂರನೇ ಗೇರು ಹಾಕಿ, ಕಾಲನ್ನು ಮನೆಗೆ ಕಳಿಸಿ, ಬಲ್ಬು ನೋಡಿದೆ. ಉರಿಯುತ್ತಿತ್ತು. ನೀನು ವೈರು ತಪ್ಪಾಗಿ ಕೂಡಿಸಿದ್ದೀಯ ಅಂದುಕೊಂಡು ನನಗೆ ಒಂದು ಕ್ಷಣ ಖುಷಿಯೂ ಆಯಿತು. ಗಾಡಿ ನಿಲ್ಲಿಸಿ, ಬಗ್ಗಿ, ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟೆ. ಆರಿತು. ಮುಂದಿನ ಗುರುವಾರ ಬೆಳಿಗ್ಗೆ ನರದ ಡಾಕ್ಟರ ಹತ್ತಿರ ಹೋಗಬೇಕು. ಜೊತೆಗೆ ಮನೆಯವರು ಯಾರು ಬರ್ತಾರೆ ಎಂದು ಅಲ್ಲಿನವರು ಕೇಳಿದರು. ಹೆಂಡತಿ ಎಂದೆ. ಬಾಯಿಂದ ಬಂದುಬಿಟ್ಟಿತು, ವಾಪಸು ತೆಗೆದುಕೊಂಡಿಲ್ಲ.